ತೊಫಜ್ಜಲ್ ಭಾಯ್ ಅಳೆದ ಬಿರುಕು

ಬೆಳಗಿನ ಪಾಳಿಗೆ ಬಂದೊಡನೆ ತೊಫಜ್ಜಲ್ ಭಾಯ್ ಮೊದಲು ಮಾಡುತ್ತಿದ್ದ ಕೆಲಸ ತಮ್ಮ ಹೆಬ್ಬೆರಳು ನೋಡಿಕೊಳ್ಳುವುದು. ಅಂಗಿಯ ಜೇಬಿನಿಂದ ಭೂತಗನ್ನಡಿ ತೆಗೆದು ಒರೆಸಿ, ವಿಮಾನ ರಿಪೇರಿಯ ಹ್ಯಾಂಗರಿನ ಪೂರ್ವದ ಬಾಗಿಲಿನ ಬೆಳಕಿಗೆ ಎಡಗೈ ಹೆಬ್ಬೆರಳನ್ನು ಹಿಡಿದು, ಅದರ ಸುಳಿಯ ಗೆರೆಗಳನ್ನು ನಡುವಿನಿಂದ ಅಂಚಿನವರೆಗೆ ಎಣಿಸುತ್ತಿದ್ದರು. ಹದಿನಾಲ್ಕು ಗೆರೆ. ಹದಿನಾಲ್ಕೂ ಬಿಡಿಬಿಡಿಯಾಗಿ ಕಂಡರೆ ಏಣಿ ಹತ್ತುವರು. ಹನ್ನೊಂದು ಹನ್ನೆರಡಕ್ಕೇ ಕಲಸಿಹೋದರೆ ಕಣ್ಣಿಗೆ ತಣ್ಣೀರು ಹಾಕಿಕೊಂಡು, ಒಂದು ಲೋಟ ಚಹಾ ಕುಡಿದು, ಮತ್ತೆ ಮೊದಲಿನಿಂದ ಎಣಿಸುವರು. ಈದ್ ಹಬ್ಬದ ಮರುದಿನವಾಗಲಿ, ಹರತಾಳದಲ್ಲಿ ಬಸ್ಸಿಲ್ಲದೆ ದೊಕ್ಖಿನ್‌ಖಾನಿನ ಮನೆಯಿಂದ ನಡೆದು ಬಂದ ದಿನವಾಗಲಿ, ಇದು ತಪ್ಪಿದ್ದನ್ನು ನಾನು ಕಂಡಿಲ್ಲ.

"ಏನ್ ಭಾಯ್, ಬೆರಳು ಇನ್ನೂ ಇದೆಯಾ? ಭಾಬಿ ಮೀನಿನ ಜೊತೆ ಹುರಿದುಹಾಕಿಲ್ಲ ತಾನೆ?" ಎಂದು ಫೋರ್‌ಮನ್ ಖಾಲೆಕ್ ಆ ಕಡೆಯಿಂದ ಕೂಗುತ್ತಿದ್ದ. ಎಲ್ಲರೂ ಅವನನ್ನು ವಸ್ತಾದ್ ಅನ್ನುತ್ತಿದ್ದರು. ತೊಫಜ್ಜಲ್ ಭಾಯ್ ಒಬ್ಬರೇ ಹೆಸರು ಹಿಡಿದು ಕರೆಯುವರು.

"ಇದೆ ಖಾಲೆಕ್. ಬಾ ಇಲ್ಲಿ, ನಿನ್ನ ನಾಲಿಗೆ ಅಳೀತೀನಿ. ಅದಕ್ಕೆ ಭೂತಗನ್ನಡಿ ಬೇಕಾಗಲ್ಲ."

ನಾನು ಪಕ್ಕದ ದಾಖಲೆ ಕೋಣೆಯಲ್ಲಿದ್ದೆ. ವಿಮಾನದ ಯಾವ ಭಾಗವನ್ನು ಯಾರು ಯಾವತ್ತು ನೋಡಿದರು, ಏನು ಕಂಡರು, ಏನು ಬದಲಿಸಿದರು ಎಂಬುದರ ಕಾರ್ಡುಗಳನ್ನು ಜೋಡಿಸಿಡುವುದು ನನ್ನ ಕೆಲಸ. ಓದಿದ್ದು ಎಂಟನೇ ತರಗತಿ. ಮಿಕ್ಕದ್ದನ್ನು ಆ ಕಾರ್ಡುಗಳೇ ಕಲಿಸಿದವು, ಅವು ಕಲಿಸದ್ದನ್ನು ತೊಫಜ್ಜಲ್ ಭಾಯ್ ಕಲಿಸಿದರು.

ಅವರು ಚಾಂದ್‌ಪುರದವರು. ತಂದೆ ದೋಣಿ ಮಾಡುವ ಬಡಗಿ. ಮೇಘನಾ ನದಿ ಮೂರು ಸಲ ಅವರ ಮನೆ ನುಂಗಿತು. ಮೂರನೆಯ ಸಲ ಮನೆ ಹೋದಾಗ ತೊಫಜ್ಜಲ್ ಭಾಯ್‌ಗೆ ಹತ್ತೊಂಬತ್ತು ವರ್ಷ. ವಾಯುಪಡೆಯಲ್ಲಿ ತಗಡಿನ ಕೆಲಸಕ್ಕೆ ಸೇರಿ, ಇಪ್ಪತ್ತು ವರ್ಷ ದುಡಿದು, ಆಮೇಲೆ ನಮ್ಮ ಕಂಪನಿಗೆ ಬಂದರು. ವಿಮಾನದ ಮೈಯ ತಗಡಿನಲ್ಲಿ ಬಿರುಕು ಹುಡುಕುವುದು, ಅಳೆಯುವುದು, ಹಾರಬಹುದೇ ಬಾರದೇ ಎಂದು ಸಹಿ ಹಾಕುವುದು ಅವರ ಪಾಲಿನ ಕೆಲಸ. ಆ ಸಹಿ ಇಲ್ಲದೆ ವಿಮಾನ ಬಾಗಿಲು ದಾಟುವಂತಿರಲಿಲ್ಲ. ಅವರ ಮನೆಯಲ್ಲಿ ಹೆಂಡತಿ ಹಾಸ್ನಾ ಭಾಬಿ ಮತ್ತು ಅವರು ಇಬ್ಬರೇ. ಹೆಣ್ಣುಮಕ್ಕಳಿಬ್ಬರ ಮದುವೆಯಾಗಿತ್ತು.

ಕಂಪನಿ ಸಣ್ಣದು, ಖಾಸಗಿ. ಸಿದ್ಧ ಉಡುಪಿನ ವ್ಯಾಪಾರದಲ್ಲಿ ಬೆಳೆದ ಚೇರ್ಮನ್ ಸಾಹೇಬರು ಬೇರೆ ದೇಶದವರು ಹಾರಿಸಿ ಸಾಕಾಗಿ ಬಿಟ್ಟ ಎರಡು ದೊಡ್ಡ ವಿಮಾನ ತಂದಿದ್ದರು. ಒಳಗೆ ಎರಡು ನಡುದಾರಿ, ಮೂರು ಎಂಜಿನು. ವರ್ಷವಿಡೀ ಕೂಲಿಗೆ ಹೋಗುವವರನ್ನು ಕೊಲ್ಲಿ ದೇಶಗಳಿಗೆ, ಹಜ್ ಕಾಲದಲ್ಲಿ ಹಾಜಿಗಳನ್ನು ಜೆದ್ದಾಕ್ಕೆ ಒಯ್ಯುವುದು. ಹಳೆಯದಕ್ಕೆ ಹ್ಯಾಂಗರಿನವರು ನಾನಿ, ಅಂದರೆ ಅಜ್ಜಿ, ಎಂದು ಹೆಸರಿಟ್ಟಿದ್ದರು, ಇನ್ನೊಂದಕ್ಕೆ ಖಾಲಾ. ಚಿಕ್ಕಮ್ಮನಾದ ಖಾಲಾ ನಾಲ್ಕು ವರ್ಷದಿಂದ ಹಾರಿರಲಿಲ್ಲ. ಹ್ಯಾಂಗರಿನ ಹಿಂದೆ ಹುಲ್ಲಿನಲ್ಲಿ ನಿಂತಿತ್ತು. ನಾನಿಗೆ ಏನು ಕೆಟ್ಟರೂ ಖಾಲಾದಿಂದ ಬಿಚ್ಚಿ ತರುವುದು: ಪಂಪು, ಬ್ರೇಕು, ಕಿಟಕಿ ಗಾಜು, ಕಡೆಗೆ ಕಕ್ಕಸಿನ ಬಾಗಿಲು. ಬಿಚ್ಚಿದ ಜಾಗಕ್ಕೆ ಒಂದು ಕೆಂಪು ಚೀಟಿ ಕಟ್ಟಬೇಕೆಂದು ನಿಯಮ. ದೂರದಿಂದ ನೋಡಿದರೆ ದರ್ಗಾದ ಮರಕ್ಕೆ ಹರಕೆ ದಾರ ಕಟ್ಟಿದ ಹಾಗೆ ಕಾಣುತ್ತಿತ್ತು.

"ವಿಮಾನಕ್ಕೆ ವಯಸ್ಸಾಗೋದು ವರ್ಷದಿಂದಲ್ಲ ಆಪಾ, ಉಸಿರಿನಿಂದ" ಎಂದು ತೊಫಜ್ಜಲ್ ಭಾಯ್ ಹೇಳಿಕೊಟ್ಟಿದ್ದರು. ಮೇಲೆ ಹೋದಾಗಲೆಲ್ಲ ಒಳಗೆ ಗಾಳಿ ತುಂಬಿ ಮೈ ಉಬ್ಬುತ್ತದೆ, ಇಳಿದಾಗ ತಗ್ಗುತ್ತದೆ. ಒಂದು ಹಾರಾಟಕ್ಕೆ ಒಂದು ಉಸಿರು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಒಂದು ದಿನ ಅದು ತುಂಡಾಗುವ ಹಾಗೆ, ತಗಡೂ ದಣಿಯುತ್ತದೆ. ನಾನಿ ಆಗಲೇ ಇಪ್ಪತ್ತೊಂಬತ್ತು ಸಾವಿರ ಉಸಿರು ಎಳೆದಿತ್ತು. ದಣಿವು ಮೊದಲು ಕಾಣುವುದು ಮೂಲೆಗಳಲ್ಲಿ. ನಾಲ್ಕು ವರ್ಷದ ಹಿಂದೆ ಹಿಂಬದಿಯ ಸರಕಿನ ಬಾಗಿಲಿನ ಮೇಲಿನ ಮೂಲೆಯಲ್ಲಿ ಒಂದು ಕೂದಲೆಳೆ ಬಿರುಕು ಸಿಕ್ಕಿತ್ತು. ಇಪ್ಪತ್ತೊಂದು ಮಿಲಿಮೀಟರ್. ವಿಮಾನ ಮಾಡಿದ ಕಂಪನಿಗೆ ಬರೆದು ಕೇಳಿದಾಗ, ನಲವತ್ತು ದಾಟುವ ತನಕ ವರ್ಷಕ್ಕೊಮ್ಮೆ ನೋಡುತ್ತ ಹಾರಿಸಬಹುದು, ದಾಟಿದ ದಿನ ನಿಲ್ಲಿಸಿ ಆ ಮೂಲೆಯ ಚೌಕಟ್ಟನ್ನೇ ಕತ್ತರಿಸಿ ಹೊಸದು ಕೂರಿಸಬೇಕು ಎಂದು ಉತ್ತರ ಬಂತು. ಆ ಪತ್ರ ನನ್ನ ಫೈಲಿನಲ್ಲಿತ್ತು.

ಪತ್ರದಲ್ಲಿ ಇನ್ನೊಂದು ಸಾಲಿತ್ತು. ಪ್ರತಿ ಸಲವೂ ಬಣ್ಣ ಪೂರ್ತಿ ತೆಗೆದು ಬರಿಯ ತಗಡಿನ ಮೇಲೆ ಅಳೆಯಬೇಕು. ಮೊದಲ ವರ್ಷ ಹಾಗೇ ಮಾಡಿದ್ದರು. ಕೆರೆದ ಜಾಗಕ್ಕೆ ಮತ್ತೆ ಬಳಿದ ಬಣ್ಣ ಒಂದು ಛಾಯೆ ಬೇರೆ ಬಂತು. ಹಾಜಿಗಳನ್ನು ಬೀಳ್ಕೊಡಲು ಬಂದ ಚೇರ್ಮನ್ ಸಾಹೇಬರು ಎಲ್ಲರೆದುರು, "ಅಲ್ಲಾಹನ ಮನೆಗೆ ಹೋಗೋ ವಿಮಾನಕ್ಕೆ ತೇಪೆ ಹಾಕಿ ಕಳಿಸ್ತೀರಾ?" ಎಂದು ರೇಗಿದರು. ಅಂದಿನಿಂದ ಯಾರೂ ಆ ಮೂಲೆ ಕೆರೆಯಲಿಲ್ಲ. ಪ್ರತಿ ವರ್ಷ ಹಜ್‌ಗೆ ಮುಂಚೆ ಬಣ್ಣದ ಗುತ್ತಿಗೆಯ ನೂರು ಮಿಯಾ ಎಂಬವನು ತನ್ನ ಜನ ಕರೆತಂದು ಹಳೆಯ ಬಣ್ಣದ ಮೇಲೇ ಬಿಳಿ ಹಸಿರು ಬಳಿದು ಹೋಗುತ್ತಿದ್ದ. ಅವನು ಬರುವ ಮೊದಲು ತೊಫಜ್ಜಲ್ ಭಾಯ್ ಏಣಿ ಹತ್ತಿ, ಹೋದ ವರ್ಷದ ಬಣ್ಣದಲ್ಲಿ ಮೂಡಿದ ಗೆರೆಯನ್ನು ಅಳೆದು ಕಾರ್ಡಿಗೆ ಬರೆಯುತ್ತಿದ್ದರು. ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತಾರು. ಅವರು ಸೋಮಾರಿಯಾಗಿರಲಿಲ್ಲ. ಬಣ್ಣ ತಗಡಿಗಿಂತ ಬೇಗ ಒಡೆಯುತ್ತದೆ ಎಂದು ವಾಯುಪಡೆಯಲ್ಲಿ ಕಲಿಸಿದ್ದರು, ಇಪ್ಪತ್ತು ವರ್ಷ ಅದನ್ನು ಕಣ್ಣಾರೆ ಕಂಡಿದ್ದರು. ಬಣ್ಣದ ಗೆರೆ ಎಷ್ಟಿದೆಯೋ ಬಿರುಕು ಅದಕ್ಕಿಂತ ಕಡಿಮೆಯೇ ಇರುತ್ತದೆ, ಹೆಚ್ಚಿರಲಾರದು ಎಂದು ನಂಬಿದ್ದರು. ಆ ಕಾರ್ಡುಗಳನ್ನು ಪತ್ರದ ಪಕ್ಕದಲ್ಲೇ ಜೋಡಿಸಿಟ್ಟವಳು ನಾನು. ನಾನೂ ಕೇಳಲಿಲ್ಲ.

ಆ ವರ್ಷ ಈದ್ ಮುಗಿದು ಮೊದಲ ಹಜ್ ವಿಮಾನಕ್ಕೆ ನಾಲ್ಕು ವಾರ ಉಳಿದಿತ್ತು. ಆಶ್ವಿನದ ಸೆಕೆ. ತೊಫಜ್ಜಲ್ ಭಾಯ್ ಆ ಮೂಲೆ ನೋಡಲು ಅಟ್ಟಣಿಗೆ ಹತ್ತಿದವರು ಹತ್ತು ನಿಮಿಷದಲ್ಲಿ ಇಳಿದು ನನ್ನ ಕೋಣೆಗೆ ಬಂದರು. ಹಣೆಯ ಬೆವರು ಒರೆಸಿಕೊಂಡಿರಲಿಲ್ಲ.

"ಸಾಲೆಹಾ ಆಪಾ, ಹಿಂದಿನ ಬಾಗಿಲ ಮೂಲೆಯ ಕಾರ್ಡು ಕೊಡಿ. ಎಲ್ಲಾ ಕೊಡಿ. ಆ ಪತ್ರವೂ."

ನಾಲ್ಕು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ನಿಂತೇ ಓದಿದರು. ಆಮೇಲೆ ಪತ್ರವನ್ನು ಓದಿದರು.

"ಏನಾಯ್ತು ಭಾಯ್?"

"ಸಾಮಾನು ಏರಿಸೋ ಗಾಡಿ ಎಲ್ಲೋ ತಾಗಿದೆ. ಉಗುರಿನಷ್ಟು ಬಣ್ಣ ಎದ್ದಿದೆ. ನನ್ನ ಗೆರೆ ಮುಗಿಯೋ ಜಾಗದಿಂದ ಎರಡು ಬೆರಳು ಆಚೆ." ಕೊನೆಯ ಕಾರ್ಡಿನ ಮೇಲೆ ಬೆರಳಿಟ್ಟರು. "ಆ ಬಣ್ಣ ಎದ್ದ ಕಡೆ ತಗಡಿನಲ್ಲಿ ಬಿರುಕು ಇದೆ ಆಪಾ. ನನ್ನ ಗೆರೆ ಅಲ್ಲಿ ತಲುಪೇ ಇಲ್ಲ."

ಮತ್ತೆ ಹತ್ತಿ ಬಣ್ಣ ಕರಗಿಸುವ ದ್ರಾವಣ ಹಚ್ಚಿ ಅಂಗೈ ಅಗಲ ಕೆರೆದರು. ಕೆಂಪು ಮಸಿ ಬಿಟ್ಟು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರು. ಬಿರುಕಿನೊಳಗೆ ಇಳಿದ ಮಸಿ ಬಿಳಿಯ ಮೇಲೆ ಕೆಂಪಾಗಿ ಒಸರಬೇಕು. ಕೆಳಗೆ ನಿಂತ ನನಗೂ ಆ ಗೆರೆ ಕಾಣಿಸಿತು. ಮೂರು ಸಲ ಅಳೆದರು. ಬಣ್ಣದ ಮೇಲೆ ಇಪ್ಪತ್ತೆಂಟು. ತಗಡಿನಲ್ಲಿ ಅರವತ್ತೇಳು.

ನಾಲ್ಕು ವರ್ಷದಿಂದ ನೂರು ಮಿಯಾ ತರುತ್ತಿದ್ದದ್ದು ಹೊಸ ಬಗೆಯ ಬಣ್ಣ. ಮೆತ್ತನೆಯದು, ಎಳೆದರೆ ಎಳೆದಷ್ಟೂ ಹಿಗ್ಗುವಂಥದ್ದು. ಅದಕ್ಕೆ ಹೊಳಪು ಹೆಚ್ಚು ಎಂದು ಎಲ್ಲರೂ ಮೆಚ್ಚಿದ್ದರು. ವರ್ಷಕ್ಕೊಂದು ಪದರದಂತೆ ಅದು ದಪ್ಪವಾಗುತ್ತ ಹೋಯಿತು, ತಗಡು ಅದರ ಕೆಳಗೆ ಬಾಯಿ ಬಿಡುತ್ತ ಹೋಯಿತು. ಹಾಗೆ ಎಷ್ಟು ಸಾವಿರ ಜನ ಹೋಗಿ ಬಂದರೋ. ಜುಹರ್ ನಮಾಜಿನಲ್ಲಿ ನಾನು ಎಷ್ಟು ರಕಾತ್ ಮುಗಿಸಿದೆನೆಂಬ ಎಣಿಕೆಯೇ ಮರೆತು ಮತ್ತೆ ಮೊದಲಿನಿಂದ ಮಾಡಿದೆ.

ಮಧ್ಯಾಹ್ನದ ಊಟಕ್ಕೆ ಖಾಲೆಕ್ ಬರಲಿಲ್ಲ. ಅಟ್ಟಣಿಗೆಯ ಕೆಳಗೆ ತೊಫಜ್ಜಲ್ ಭಾಯ್ ಎದುರು ನಿಂತಿದ್ದ. ಅಷ್ಟರಲ್ಲಿ ಸುದ್ದಿ ಹ್ಯಾಂಗರೆಲ್ಲ ಹರಡಿತ್ತು.

"ಭಾಯ್, ಕಾರ್ಡು ಬರೆದ್ರಾ?"

"ಇಲ್ಲ. ಊಟ ಆಗ್ಲಿ, ಬರೀತೀನಿ."

"ಅರವತ್ತೇಳು ಅಂತ ಬರೆದ್ರೆ ನಾನಿ ಇಲ್ಲೇ ಕೂತಿರುತ್ತೆ. ಇಲ್ಲಿ ನೂರ ನಲವತ್ತು ಜನ ಇದಾರೆ. ಖಾಲಾ ಆಗಲೇ ಹೆಣ. ನಾನಿನೂ ಕೂತರೆ ನಾವೆಲ್ಲ ಏನು ಪಾರಿವಾಳ ಸಾಕೋದಾ?"

"ನನಗೆ ಗೊತ್ತು ಖಾಲೆಕ್."

"ನಿಮಗೇನು ಗೊತ್ತು! ಅಮ್ಮನ ಹೆಸರು ಮೊದಲನೇ ವಿಮಾನದಲ್ಲಿದೆ. ಎಪ್ಪತ್ತೊಂದು ವರ್ಷ ಅವಳಿಗೆ. ಹಜ್‌ನಲ್ಲಿ ಉಡೋ ಇಹ್ರಾಮಿಗೆ ಬಿಳಿ ಬಟ್ಟೆ ಹೊಲಿಸ್ಕೊಂಡು ದಿನಕ್ಕೆ ನಾಲ್ಕು ಸಲ ಮಡಚಿ ಇಡ್ತಾಳೆ. ಅಲ್ಲಾಹನ ಮನೆಗೆ ಹೋಗೋರ ದಾರಿಗೆ ಅಡ್ಡ ನಿಲ್ತೀರಾ?" ಅವನ ದನಿ ಏರಿತ್ತು. "ಮೂರು ವರ್ಷ ಕಾಣದ್ದು ಇನ್ನೊಂದು ತಿಂಗಳು ಕಾಣದೇ ಇದ್ರೆ ಏನು? ದಿನಾ ಬೆರಳು ಎಣಿಸೋ ಕಣ್ಣಿಗೆ ಈಗ ಬೆಳಕು ಬಂತಾ?"

ಸುತ್ತ ನಿಂತವರಲ್ಲಿ ಒಬ್ಬಿಬ್ಬರು ನಕ್ಕರು. ತೊಫಜ್ಜಲ್ ಭಾಯ್ ಖಾಲೆಕನ ಮುಖ ನೋಡಿದರು.

"ನಿನ್ನ ಅಮ್ಮನ್ನ ಇದರಲ್ಲಿ ಕೂರಿಸ್ತೀಯಾ? ಈಗ, ನೋಡಿದ ಮೇಲೆ?"

ಖಾಲೆಕ್ ತಲೆಯೆತ್ತಿ ಆ ಕೆಂಪು ಗೆರೆ ನೋಡಿದ. ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಎಸೆದು ಹೋದ. ಅದು ಸಿಮೆಂಟಿನ ಮೇಲೆ ಜಾರುತ್ತ ಹೋಗಿ ನಾನಿಯ ಚಕ್ರಕ್ಕೆ ಬಡಿಯಿತು.

ಮರುದಿನ ಮೇಲಿನ ಕೋಣೆಯಲ್ಲಿ ಸಭೆ. ಫೈಲು ಹಿಡಿದು ನಾನೂ ಹೋಗಬೇಕಾಯಿತು. ತಾಂತ್ರಿಕ ವಿಭಾಗದ ಮುಖ್ಯಸ್ಥರು ಕಿಬ್ರಿಯಾ ಸ್ಯಾರ್. ಮೆದು ಮಾತಿನವರು, ಯಾರನ್ನೂ ಬೈದವರಲ್ಲ. ತೊಫಜ್ಜಲ್ ಭಾಯ್‌ಗೆ ಕುರ್ಚಿ ಕೊಟ್ಟು ಚಹಾ ತರಿಸಿದರು.

ವಿಮಾನ ಯಾವಾಗ ಮುದಿಯಾಯಿತು ಎಂದು ತೀರ್ಮಾನಿಸುವುದು ಹೇಗೆಂದು ನನಗೆ ಆ ದಿನ ತಿಳಿಯಿತು. ಯಾರೋ ದೊಡ್ಡವರು ಬಂದು ನೋಡಿ, ಪಾಪ ಸಾಕು, ಇನ್ನು ವಿಶ್ರಾಂತಿ ಕೊಡಿ ಎನ್ನುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಕೆಲವು ವರ್ಷಕ್ಕೊಮ್ಮೆ ವಿಮಾನವನ್ನು ಮೂಳೆ ಕಾಣುವಷ್ಟು ಬಿಚ್ಚಿ ನೋಡುವ ದೊಡ್ಡ ತಪಾಸಣೆಯೊಂದಿದೆ. ಹೊರದೇಶಕ್ಕೆ ಕಳಿಸಬೇಕು, ಎರಡು ತಿಂಗಳು ಹಿಡಿಯುತ್ತದೆ. ಹಳೆಯ ವಿಮಾನವಾದರೆ ಅದರ ಖರ್ಚು ವಿಮಾನದ ಬೆಲೆಯನ್ನೇ ಮೀರುತ್ತದೆ. ಹಾಗಾಗಿ ಎಲ್ಲರೂ ಮಾಡುವುದು ಇಷ್ಟು: ಹಿಂದಿನ ತಪಾಸಣೆ ಕೊಟ್ಟ ಗಡುವು ಮುಗಿಯುವ ತನಕ ಹಾರಿಸುವುದು, ಗಡುವಿನ ಹಿಂದಿನ ದಿನ ನಿಲ್ಲಿಸುವುದು. ನಾನಿಯ ಗಡುವಿಗೆ ಇನ್ನೂ ಹದಿನಾಲ್ಕು ತಿಂಗಳಿತ್ತು. ನಾವು ಬಣ್ಣ ಬಳಿದು ಗಾಜು ಒರೆಸುತ್ತಿದ್ದ ಹೊತ್ತಿಗೇ ಅದರ ಕೊನೆಯ ತಾರೀಕು ಮೇಲಿನ ಕೋಣೆಯ ಕಾಗದದಲ್ಲಿತ್ತು. ಈ ಹಜ್, ಮುಂದಿನ ಹಜ್, ಆಮೇಲೆ ಸಾಕು. ಎಂಜಿನುಗಳಲ್ಲಿ ಎರಡಕ್ಕೆ ಇನ್ನೂ ಆಯುಸ್ಸಿತ್ತು. ಅವನ್ನು ಕೊಳ್ಳುವವರು ಸಿಕ್ಕಿದ್ದರು. ಮೈಯನ್ನು ತೂಕಕ್ಕೆ ಹಾಕುವುದು.

"ಚೌಕಟ್ಟು ಬದಲಿಸೋಣ ಅಂದ್ರೆ ಅದು ಬರೋದಕ್ಕೇ ಐದು ತಿಂಗಳು" ಎಂದರು ಕಿಬ್ರಿಯಾ ಸ್ಯಾರ್. "ಹದಿನಾಲ್ಕು ತಿಂಗಳ ವಿಮಾನಕ್ಕೆ ಅದನ್ನ ಯಾರೂ ಮಾಡಲ್ಲ. ಅಂದ್ರೆ ಇವತ್ತು ನಿಂತ್ರೆ ಇವತ್ತೇ ಕೊನೆ. ನಾಲ್ಕೂವರೆ ಸಾವಿರ ಹಾಜಿಗಳಿಗೆ ಟಿಕೆಟು ಕೊಟ್ಟಾಗಿದೆ ತೊಫಜ್ಜಲ್ ಸಾಹೇಬ್ರೇ."

"ಹೌದು ಸ್ಯಾರ್."

"ಬಣ್ಣದ ಮೇಲೆ ಎಷ್ಟಿತ್ತು?"

"ಇಪ್ಪತ್ತೆಂಟು."

"ಪ್ರತಿ ವರ್ಷ ಹಾಗೇ ಅಳೆದಿದೀರಿ. ಅದೇ ಪದ್ಧತಿ." ಅವರು ಚಮಚದಿಂದ ಚಹಾ ಕದಡಿದರು, ಸಕ್ಕರೆ ಆಗಲೇ ಕರಗಿತ್ತು. "ನೀವು ಬಣ್ಣ ಕೆರೆದೇ ಇಲ್ಲ ಅಂತ ಇಟ್ಕೊಳ್ಳಿ. ಹಜ್ ಮುಗಿದ ಮೇಲೆ ಕೆರೀತೀರಿ. ಅಷ್ಟೇ."

"ಕೆರೆದಿದೀನಿ ಸ್ಯಾರ್."

"ಅದು ನನಗೂ ಗೊತ್ತು."

"ಇನ್ನೊಂದು ಮಾತು, ಸ್ಯಾರ್. ಈ ವರ್ಷದ್ದು ಒಂದೇ ಅಲ್ಲ. ಹಿಂದಿನ ಮೂರು ವರ್ಷದ್ದೂ ನಾನು ಬಣ್ಣ ಅಳೆದದ್ದು. ಅದೂ ತಪ್ಪು."

ಕಿಬ್ರಿಯಾ ಸ್ಯಾರ್ ಚಮಚ ಕೆಳಗಿಟ್ಟರು. "ಅದನ್ನ ಯಾರೂ ಕೇಳಲಿಲ್ಲ ತೊಫಜ್ಜಲ್ ಸಾಹೇಬ್ರೇ" ಎಂದರು ಮೆಲ್ಲಗೆ.

ಕೆಳಗೆ ಬಂದು ನನ್ನ ಮೇಜಿನ ಮೇಲೇ ಕಾರ್ಡು ಬರೆದರು. ಅರವತ್ತೇಳು. ಹಾರಾಟಕ್ಕೆ ಯೋಗ್ಯವಲ್ಲ. ಸಹಿ. ಆ ಕಾರ್ಡನ್ನು ನಾನು ತೆಗೆದು ಡಬ್ಬಿಗೆ ಹಾಕಿದೆ.

ಆಮೇಲಿನದು ಬೇಗ ನಡೆಯಿತು. ಬೇರೆ ದೇಶದ ಒಂದು ವಿಮಾನವನ್ನು ಅವರದೇ ಚಾಲಕರು, ಅವರದೇ ಮೆಕ್ಯಾನಿಕ್ಕುಗಳ ಸಮೇತ ಬಾಡಿಗೆಗೆ ತಂದರು. ಅದು ಚಿಕ್ಕದು. ಅರ್ಧದಷ್ಟು ಹಾಜಿಗಳು ಹೋದರು, ಉಳಿದವರ ಹೆಸರು ಮುಂದಿನ ವರ್ಷಕ್ಕೆ ಹೋಯಿತು. ಆಶ್ಕೋನಾದ ಹಜ್ ಶಿಬಿರದ ಮುಂದೆ ಜನ ಗಂಟುಮೂಟೆಯ ಮೇಲೆ ಕೂತು ಅಳುತ್ತಿದ್ದುದನ್ನು ನಾನು ದಿನವೂ ರಿಕ್ಷಾದಿಂದ ನೋಡುತ್ತ ಹೋಗುತ್ತಿದ್ದೆ. ಕಂಪನಿಯವರ ಮನೆಮಂದಿಯ ಹೆಸರುಗಳನ್ನು ಪಟ್ಟಿಯಿಂದ ಮೊದಲು ತೆಗೆದುಹಾಕಿದ್ದರು. ಹಾಗೆ ಖಾಲೆಕನ ತಾಯಿಯದೂ ಹೋಯಿತು.

ನಾನಿಯನ್ನು ಹುಲ್ಲಿಗೆ ಎಳೆದುಕೊಂಡು ಹೋಗಿ ಖಾಲಾ ಪಕ್ಕದಲ್ಲಿ ನಿಲ್ಲಿಸಿದರು. ಮೊದಲು ಎಂಜಿನುಗಳು ಹೋದವು. ಎಂಜಿನು ತೆಗೆದ ದಿನ ಮೂಗು ಮೇಲೇಳದ ಹಾಗೆ ಮುಂದಿನ ಚಕ್ರಕ್ಕೆ ಸಿಮೆಂಟಿನ ದಿಮ್ಮಿ ಕಟ್ಟಿದರು. ಸೀಟುಗಳು ಟೊಂಗಿಯ ಯಾವುದೋ ಹೋಟೆಲಿಗೆ ಹೋದವು. ನಾನು ಒಂದೊಂದು ಭಾಗಕ್ಕೂ ಅದರ ಕಾರ್ಡು ಹುಡುಕಿ ಜೊತೆಗೆ ಕಟ್ಟಿ ಕಳಿಸಬೇಕಿತ್ತು. ಕಾಗದವಿಲ್ಲದ ಭಾಗ ಎಷ್ಟು ಗಟ್ಟಿಯಿದ್ದರೂ ಕಸ. ಹ್ಯಾಂಗರಿನ ಜನ ನೂರ ನಲವತ್ತರಿಂದ ಮೂವತ್ತೊಂದಕ್ಕೆ ಇಳಿದರು. ನಾನೂ ಖಾಲೆಕನೂ ಉಳಿದೆವು, ಬಿಚ್ಚುವ ಕೆಲಸಕ್ಕೆ ನಾವು ಬೇಕಿತ್ತು. ತೊಫಜ್ಜಲ್ ಭಾಯ್‌ಗೆ ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಿ ಎಂದರು.

ದೊಕ್ಖಿನ್‌ಖಾನಿನ ಆ ಗಲ್ಲಿಯಲ್ಲಿ ಹ್ಯಾಂಗರಿನವರೇ ಹೆಚ್ಚು. ಹಾಸ್ನಾ ಭಾಬಿ ಅಂಗಡಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಒಬ್ಬಳು ಕೇಳಿಯೇ ಬಿಟ್ಟಳಂತೆ: "ನಿಮ್ಮೋರು ನಮ್ಮ ಒಲೆ ಆರಿಸಿದ್ರಲ್ಲ ಭಾಬಿ, ನಿಮ್ಮದು ಇನ್ನೂ ಉರೀತಿದೆಯಾ?" ಭಾಬಿ ಅರ್ಧ ಕಿಲೋ ಬೇಳೆ ಅಲ್ಲೇ ಬಿಟ್ಟು ಬಂದರು. ನಾನು ಶುಕ್ರವಾರ ಹೋದಾಗ ಮಂಡಕ್ಕಿಗೆ ಸಾಸಿವೆ ಎಣ್ಣೆ, ಈರುಳ್ಳಿ ಕಲಸಿ ಕೊಡುತ್ತ ಹೇಳಿದರು, "ಅವರಿಗೆ ಹೇಳಬೇಡಿ ಆಪಾ. ಈಗಲೇ ನಿದ್ದೆಯಲ್ಲಿ ಸಂಖ್ಯೆ ಹೇಳ್ತಾರೆ."

ಮಾಘದ ಚಳಿಯಲ್ಲಿ ಖಾಲೆಕನ ತಾಯಿ ತೀರಿಕೊಂಡರು. ಎದೆಯಲ್ಲಿ ಕಫ ಕಟ್ಟಿ ಆರೇ ದಿನ. ಇಹ್ರಾಮಿಗೆಂದು ಹೊಲಿಸಿದ್ದ ಬಿಳಿ ಬಟ್ಟೆಯನ್ನೇ ಶವಕ್ಕೆ ಹೊದಿಸುವ ಕಫನಿಗೆ ಕೊಟ್ಟರು ಎಂದು ಹೆಂಗಸರು ಹೇಳಿದರು. ಜನಾಜಾ ನಮಾಜಿಗೆ ತೊಫಜ್ಜಲ್ ಭಾಯ್ ಹೋಗಿ ಕೊನೆಯ ಸಾಲಿನಲ್ಲಿ ನಿಂತರಂತೆ. ಅಲ್ಲಾಹನು ಆ ತಾಯಿಯ ಸಂಕಲ್ಪವನ್ನೇ ಹಜ್ ಎಂದು ಸ್ವೀಕರಿಸಲಿ ಎಂದು ನಾನು ಬಹಳ ದಿನ ದುಆ ಮಾಡಿದೆ.

ಫಾಲ್ಗುಣದಲ್ಲಿ ವಿಮಾನ ಮಾಡಿದ ಕಂಪನಿಯಿಂದ ಪತ್ರ ಬಂತು. ಅದೇ ಬಗೆಯ ವಿಮಾನಗಳು ಇನ್ನೂ ಕೆಲವು ದೇಶಗಳಲ್ಲಿ ಸರಕು ಹೊರುತ್ತಿದ್ದವು. ಅವುಗಳ ಆ ಮೂಲೆಯನ್ನು ಎಷ್ಟು ಹಾರಾಟಕ್ಕೊಮ್ಮೆ ನೋಡಬೇಕೆಂದು ಲೆಕ್ಕ ಹಾಕಲು ನಾನಿಯ ಬಿರುಕು ವರ್ಷವರ್ಷ ಎಷ್ಟೆಷ್ಟು ಬೆಳೆಯಿತು ಎಂಬ ವಿವರ ಬೇಕಿತ್ತು. ಅದರ ಜೊತೆಗೇ ವಿಮಾನಯಾನ ಪ್ರಾಧಿಕಾರದ ಅಧಿಕಾರಿ ಮುಂದಿನ ಸೋಮವಾರ ವಿಚಾರಣೆಗೆ ಬರುತ್ತಾರೆಂದು ತಿಳಿಯಿತು. ಹೇಳಿಕೆ ಕೊಡಲು ತೊಫಜ್ಜಲ್ ಭಾಯ್‌ಗೆ ಕರೆ ಹೋಯಿತು.

ಶನಿವಾರ ಮಧ್ಯಾಹ್ನ ಅವರು ನನ್ನ ಕೋಣೆಗೆ ಬಂದು ಹಳೆಯ ಕಾರ್ಡುಗಳ ತಾರೀಕು ಬರೆದುಕೊಳ್ಳುತ್ತ ಕೂತಿದ್ದರು. ತೆಳ್ಳಗಾಗಿದ್ದರು. ಆಗ ಖಾಲೆಕ್ ಬಾಗಿಲಲ್ಲಿ ನಿಂತ. ತಾಯಿ ಹೋದ ಮೇಲೆ ಅವನು ಅವರೊಡನೆ ಮಾತಾಡಿದ್ದು ಅದೇ ಮೊದಲು. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲಿತ್ತು.

"ಅಸ್ಸಲಾಮು ಅಲೈಕುಮ್ ಭಾಯ್."

"ವಅಲೈಕುಮ್ ಅಸ್ಸಲಾಮ್. ಬಾ ಖಾಲೆಕ್, ಕೂತ್ಕೋ."

ಕೂರಲಿಲ್ಲ. ಫೈಲಿನಿಂದ ಒಂದು ಕಾಗದ ತೆಗೆದು ಅವರ ಮುಂದಿಟ್ಟ. ನೂರು ಮಿಯಾನ ಪತ್ರ. ಮೂರು ವರ್ಷವೂ ತೊಫಜ್ಜಲ್ ಹೋಸೇನರ ಆದೇಶದಂತೆ ಆ ಮೂಲೆಯ ಬಣ್ಣವನ್ನು ಪೂರ್ತಿ ತೆಗೆದುಕೊಟ್ಟು, ಅವರು ಅಳತೆ ಮುಗಿಸಿದ ಮೇಲೆ ಮತ್ತೆ ಬಳಿದಿದ್ದೇವೆ ಎಂದು ಬರೆದು ಸಹಿ ಹಾಕಿ ಮೊಹರು ಒತ್ತಿದ್ದ.

"ನಾನೇ ಬರೆಸಿದೆ" ಎಂದ ಖಾಲೆಕ್. "ಕಿಬ್ರಿಯಾ ಸ್ಯಾರ್‌ಗೂ ಗೊತ್ತು. ಇದಿದ್ರೆ ನಿಮ್ಮ ಮೂರು ಕಾರ್ಡೂ ಸರಿ. ಆಮೇಲೆ ಗಾಡಿ ಗುದ್ದಿತಲ್ಲ, ಬಿರುಕು ಒಂದೇ ಸಲ ಓಡಿಹೋಯ್ತು. ನಿಮ್ಮ ತಪ್ಪೇನಿದೆ? ಗುದ್ದಿದ ಗುರುತು ಇದೆ, ಫೋಟೋ ಇದೆ. ಲೈಸೆನ್ಸು ಉಳಿಯುತ್ತೆ. ಶಾರ್ಜಾದಲ್ಲಿ ನನ್ನ ಭಾವನ ಹ್ಯಾಂಗರಿದೆ, ಅಲ್ಲಿ ತಗಡು ನೋಡೋರು ಬೇಕಂತೆ. ಮಾತಾಡಿದೀನಿ."

ತೊಫಜ್ಜಲ್ ಭಾಯ್ ಪತ್ರವನ್ನು ಎರಡು ಸಲ ಓದಿದರು.

"ನೀನು ಯಾಕಪ್ಪಾ ಇದನ್ನ ಮಾಡಿದೆ? ನನ್ನಿಂದ ನಿನ್ನ ಅಮ್ಮನ ಹಜ್ ಹೋಯ್ತು."

ಖಾಲೆಕ್ ಗೋಡೆಯ ಕಡೆ ತಿರುಗಿದ. "ಅಮ್ಮ ಸಾಯೋ ಮುಂಚೆ ಕೇಳಿದ್ಲು, ವಿಮಾನಕ್ಕೆ ಏನಾಗಿತ್ತು ಅಂತ. ಹೇಳಿದೆ. ಅವನು ಒಳ್ಳೇ ಮನುಷ್ಯ ಕಣೋ, ಅವನ್ನ ಬಯ್ಯಬೇಡ ಅಂದ್ಲು. ನಾನು ಬೈದಾಗಿತ್ತು." ಮೂಗು ಒರೆಸಿಕೊಂಡ. "ಸೋಮವಾರ ಅವರು ಕೇಳಿದಾಗ ನೀವು ಹೂಂ ಅನ್ನಿ ಭಾಯ್, ಬೇರೇನೂ ಬೇಡ. ನಿಮಗೆ ಐವತ್ತೆಂಟು. ಲೈಸೆನ್ಸು ಹೋದ್ರೆ ಏನು ಮಾಡ್ತೀರ? ಉತ್ತರಾದ ಬಂಗಲೆಗಳಲ್ಲಿ ಬಾಗಿಲು ಕಾಯ್ತೀರಾ?"

ನಾನೂ ಮನಸ್ಸಿನಲ್ಲಿ, ಹೂಂ ಅನ್ನಿ ಭಾಯ್, ಎಂದೇ ಬೇಡಿಕೊಳ್ಳುತ್ತಿದ್ದೆ. ಅದನ್ನು ಇಲ್ಲಿ ಮುಚ್ಚಿಡಲಾರೆ. ಹಾಸ್ನಾ ಭಾಬಿಯ ಮುಖ ನನ್ನ ಕಣ್ಣ ಮುಂದಿತ್ತು.

ತೊಫಜ್ಜಲ್ ಭಾಯ್ ಮೂರು ಕಾರ್ಡುಗಳನ್ನು ಸಾಲಾಗಿ ಇಟ್ಟು ಖಾಲೆಕನನ್ನು ಹತ್ತಿರ ಕರೆದರು.

"ನೋಡು. ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತಾರು. ಇದು ತಗಡಿನ ಅಳತೆ ಅಂತ ಹೇಳಿದ್ರೆ ಅವರು ಏನು ಲೆಕ್ಕ ಹಾಕ್ತಾರೆ? ಈ ಬಿರುಕು ವರ್ಷಕ್ಕೆ ಒಂದು ಎರಡು ಮಿಲಿಮೀಟರ್ ಬೆಳೆಯೋದು, ಗಾಡಿ ಗುದ್ದಿದ್ದಕ್ಕೆ ಓಡ್ತು ಅಂತ. ಆಗ ಇಂಥಾ ವಿಮಾನ ಎಲ್ಲೆಲ್ಲಿ ಹಾರ್ತಿದೆಯೋ ಅಲ್ಲಿಗೆಲ್ಲ ಬರೀತಾರೆ, ವರ್ಷಕ್ಕೊಂದು ಸಲ ನೋಡಿದ್ರೆ ಸಾಕು ಅಂತ. ಅಲ್ಲೂ ಯಾರೋ ಹೊಸ ಬಣ್ಣದ ಮೇಲೆ ಅಳೀತಿರ್ತಾನೆ. ಅವನ ಕಣ್ಣೂ ಚೆನ್ನಾಗೇ ಇರುತ್ತೆ."

"ಅದು ಅವರ ಹಣೆಬರಹ ಭಾಯ್. ನಿಮ್ಮದು ನೋಡ್ಕೊಳ್ಳಿ."

"ನಾನು ಅಳೆದದ್ದು ಬಣ್ಣ. ಅದನ್ನ ನಾನು ಹೇಳದೇ ಇದ್ರೆ ಅವರಿಗೆ ಹೇಳೋಕೆ ಬೇರೆ ಯಾರೂ ಇಲ್ಲ."

ಖಾಲೆಕ್ ಮೇಜಿನ ಮೇಲೆ ಅಂಗೈ ಊರಿದ. "ನಿಮ್ಮ ಹೆಸರು ಹೋಗುತ್ತೆ. ಮೂರು ವರ್ಷ ಸುಳ್ಳು ಸಹಿ ಹಾಕಿದೋನು ಅಂತ ಬರೀತಾರೆ."

"ಸುಳ್ಳಲ್ಲ, ತಪ್ಪು. ಅವರು ಏನು ಬೇಕಾದ್ರೂ ಬರ್ಕೊಳ್ಳಲಿ." ಪತ್ರವನ್ನು ಬಂದ ಮಡಿಕೆಯಲ್ಲೇ ಮಡಚಿ ಖಾಲೆಕನ ಪ್ಲಾಸ್ಟಿಕ್ ಫೈಲಿನೊಳಗೆ ತಾವೇ ಇಟ್ಟರು. "ನೂರು ಮಿಯಾಗೆ ವಾಪಸ್ಸು ಕೊಡು, ಅವನ ಮೊಹರು ಇದರಲ್ಲಿರೋದು ಬೇಡ. ಶಾರ್ಜಾಕ್ಕೂ ಬರಲ್ಲ ಅಂತ ನಿನ್ನ ಭಾವನಿಗೆ ಹೇಳಿಬಿಡು. ನನಗೋಸ್ಕರ ಇಷ್ಟು ಓಡಾಡಿದೀಯಲ್ಲ ಖಾಲೆಕ್, ಅದು ಸಾಕು. ಇದು ಬೇಡ."